ಒಂದು ಡಿಸ್ಕ್ ಹೋದರೂ ಉತಾರ ಉಳಿಯಬೇಕು

ಮುಂಗಾರು ಹತ್ತಿರ ಬಂತೆಂದರೆ ಹಾನಗಲ್ಲಿನಲ್ಲಾಗಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಾಗಲಿ ಉತಾರದ ಮಾತು ಶುರುವಾಗುತ್ತದೆ. ಬೆಳೆಸಾಲಕ್ಕೆ ಉತಾರ ಬೇಕು, ಬೆಳೆವಿಮೆಗೆ ಉತಾರ ಬೇಕು, ಅಣ್ಣತಮ್ಮಂದಿರು ಬೇರೆಯಾಗುವಾಗಲೂ ಉತಾರ ಬೇಕು. ಮೈಸೂರು ಸೀಮೆಯವರು ಪಹಣಿ ಎನ್ನುವುದನ್ನೇ ನಮ್ಮ ಕಡೆ ಉತಾರ ಎನ್ನುತ್ತೇವೆ. ಹಿಂದೆ ಇದು ತಲಾಠಿಯವರ ದಫ್ತರದಲ್ಲಿ, ಬಟ್ಟೆಯ ಗಂಟಿನೊಳಗೆ ಇರುತ್ತಿತ್ತು. ಗೆದ್ದಲು ಹತ್ತಿದರೆ, ಮಳೆಗಾಲದಲ್ಲಿ ಮಾಳಿಗೆ ಸೋರಿದರೆ, ಯಾರೋ ಒಬ್ಬರು ಒಂದು ಹಾಳೆಯನ್ನು ಹರಿದುಕೊಂಡು ಹೋದರೆ ಆ ಹೊಲದ ಚರಿತ್ರೆಯೇ ಹೋದಂತೆ. ಇನ್ನೊಂದು ಪ್ರತಿ ಇರುತ್ತಿರಲಿಲ್ಲ.

ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರದ 'ಭೂಮಿ' ಯೋಜನೆ ಈ ಗಂಟುಗಳನ್ನು ಗಣಕಕ್ಕೆ ಏರಿಸಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಶುರುವಿನಲ್ಲಿ ಒಂದು ಪ್ರತಿಗೆ 15 ರೂಪಾಯಿ ಕೊಟ್ಟು ರೈತರು ಮುದ್ರಿತ ಹಾಳೆ ಪಡೆದುಕೊಂಡಿದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. 2024ರಲ್ಲಿ ಶುರುವಾದ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿರುವ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೆಯಿತು. ನಮ್ಮ ಭಾಗದ ಕಾಗದಗಳು ಎಷ್ಟು ಕೈ ದಾಟಿ ಬಂದಿವೆ ಎಂಬುದನ್ನು ಇಲ್ಲಿ ನೆನೆಯಬೇಕು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಉಳಿದದ್ದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಹಾವೇರಿ ಜಿಲ್ಲೆ. ಇಷ್ಟು ಸರ್ಕಾರಗಳನ್ನು ಕಂಡ ಕಾಗದ ಕೊನೆಗೆ ಬಂದು ಕೂರುವುದು ಅಂಗೈಯಗಲದ ಒಂದು ಡಿಸ್ಕಿನಲ್ಲಿ.

ಆ ಡಿಸ್ಕ್ ಕೆಟ್ಟರೆ?

ಕೆಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಪಂಪ್‌ಸೆಟ್ಟಿನ ಮೋಟಾರು ಸುಟ್ಟಂತೆ ಡಿಸ್ಕೂ ಒಂದು ದಿನ ನಿಲ್ಲುತ್ತದೆ. ಸರ್ವರ್ ಎಂದರೆ ಹತ್ತಾರು ಕಂಪ್ಯೂಟರುಗಳಿಗೆ ಬೇಕಾದ ಮಾಹಿತಿಯನ್ನು ಇಟ್ಟುಕೊಂಡು, ಕೇಳಿದವರಿಗೆ ಒದಗಿಸುವ ಯಂತ್ರ. ಅದು ನಿಂತರೆ ಕಿಂಡಿಯ ಮುಂದಿನ ಸಾಲೂ ನಿಲ್ಲುತ್ತದೆ. ಹೀಗಾಗಬಾರದೆಂದು ಎಂಜಿನಿಯರುಗಳು ಕಂಡುಕೊಂಡ ಉಪಾಯದ ಹೆಸರು ರೇಡ್. ಇದರಲ್ಲಿರುವ ಗಣಿತ ನಮ್ಮ ಹೈಸ್ಕೂಲು ಮಕ್ಕಳಿಗೆ ಗೊತ್ತಿರುವಂಥದ್ದೇ. ಆದರೆ ಇದೊಂದಿದ್ದರೆ ಸಾಕು, ದಾಖಲೆಗೆ ಇನ್ನು ಭಯವಿಲ್ಲ ಎಂದು ನಂಬಿ ಕೂರುವವರೇ ಬಹಳ. ಗಣಿತವನ್ನೂ ಹೇಳಿ, ಈ ನಂಬಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕೆಂದೇ ಈ ಲೇಖನ.

ಕಿರಾಣಿ ಅಂಗಡಿಯ ಲೆಕ್ಕ

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಸ್ ಎಂಬ ಮೂವರು ಒಂದು ಪ್ರಬಂಧ ಬರೆದರು. ಆಗ ದೊಡ್ಡ ಗಣಕಗಳಿಗೆ ಭಾರಿ ಬೆಲೆಯ ದೊಡ್ಡ ಡಿಸ್ಕುಗಳಿದ್ದವು. ಅದರ ಬದಲು ಸಣ್ಣ ಕಂಪ್ಯೂಟರಿನ 100 ಮೆಗಾಬೈಟಿನ ಅಗ್ಗದ ಡಿಸ್ಕುಗಳನ್ನೇ ನೂರು ಜೋಡಿಸಿದರೇನು ಎಂಬುದು ಅವರ ಪ್ರಶ್ನೆ. ಆದರೆ ಒಂದು ತೊಡಕು. ಒಂದು ಡಿಸ್ಕು ಸರಾಸರಿ 30,000 ತಾಸು ಬಾಳಿದರೆ, ನೂರು ಡಿಸ್ಕುಗಳಲ್ಲಿ ಯಾವುದಾದರೂ ಒಂದು ಸರಾಸರಿ 300 ತಾಸಿಗೊಮ್ಮೆ ಕೆಡುತ್ತದೆ. ಅಂದರೆ ಎರಡು ವಾರವೂ ಇಲ್ಲ! ಹಾಗಾದರೆ ಕೆಟ್ಟದ್ದರಲ್ಲಿ ಏನಿತ್ತು ಎಂಬುದನ್ನು ಉಳಿದವು ಹೇಳುವಂತಿರಬೇಕು. ಪ್ರಬಂಧದ ಜೀವಾಳ ಇಷ್ಟೇ.

ಅದು ಸಾಧ್ಯವೇ? ಕಿರಾಣಿ ಅಂಗಡಿಯ ಖಾತೆ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. ಮೂರು ಬಾಬ್ತು: 37, 45, 28. ಕೆಳಗೆ ಒಟ್ಟು 110. ನಡುವಿನ ಸಂಖ್ಯೆಯ ಮೇಲೆ ಎಣ್ಣೆ ಚೆಲ್ಲಿ ಅಳಿಸಿಹೋಯಿತೆನ್ನಿ. 110ರಲ್ಲಿ 37 ಮತ್ತು 28 ಕಳೆದರೆ 45 ತಾನಾಗಿ ಸಿಗುತ್ತದೆ. ಮೂರು ಡಿಸ್ಕಿನಲ್ಲಿ ಮಾಹಿತಿ, ನಾಲ್ಕನೆಯದರಲ್ಲಿ ಮೊತ್ತ. ಯಾವ ಒಂದು ಹೋದರೂ ಉಳಿದ ಮೂರರಿಂದ ಅದನ್ನು ಮತ್ತೆ ಬರೆಯಬಹುದು.

ಕಂಪ್ಯೂಟರ್ ಕೂಡುವುದಿಲ್ಲ, ಏಕೆಂದರೆ ಕೂಡಿದರೆ ಸಂಖ್ಯೆ ಬೆಳೆದು ಜಾಗ ಸಾಲದು. ಅದು ಸಮ–ಬೆಸ ನೋಡುತ್ತದೆ. ಮೂರು ಡಿಸ್ಕಿನ ಒಂದೇ ಸ್ಥಾನದಲ್ಲಿ 1, 0, 0 ಇದ್ದರೆ ಒಂದರ ಸಂಖ್ಯೆ ಬೆಸ. ನಾಲ್ಕನೆಯದರಲ್ಲಿ 1 ಬರೆದು ಒಟ್ಟನ್ನು ಸಮ ಮಾಡುತ್ತದೆ. 1, 1, 0 ಇದ್ದರೆ ಈಗಾಗಲೇ ಸಮ, ನಾಲ್ಕನೆಯದರಲ್ಲಿ 0. ಯಾವುದೋ ಒಂದು ಡಿಸ್ಕು ಹೋದಾಗ ಉಳಿದ ಮೂರರಲ್ಲಿ ಒಂದುಗಳನ್ನು ಎಣಿಸಿದರಾಯಿತು: ಬೆಸವಾದರೆ ಹೋದದ್ದು 1, ಸಮವಾದರೆ ಹೋದದ್ದು 0. ಇದನ್ನು ಪ್ಯಾರಿಟಿ ಎನ್ನುತ್ತಾರೆ. ತರಗತಿಯಲ್ಲಿ ನಾಲ್ವರನ್ನು ನಿಲ್ಲಿಸಿ, ಕೈ ಎತ್ತಿದವನು 1, ಇಳಿಸಿದವನು 0 ಎಂದು ಹೇಳಿ ಒಬ್ಬನನ್ನು ಹೊರಗೆ ಕಳಿಸಿದರೆ ಅವನ ಕೈ ಹೇಗಿತ್ತೆಂದು ಏಳನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಬೀಗಿದ ಮುಖದಿಂದಲೇ ಹೇಳುತ್ತಾರೆ.

ಇಬ್ಬರನ್ನು ಹೊರಗೆ ಕಳಿಸಿದರೆ? ಒಂದು ಸಮೀಕರಣ, ಎರಡು ಅವ್ಯಕ್ತ; ಬಿಡಿಸಲಾಗದು. ಆಗ ಬೇಕಾಗುವುದು ಎರಡನೆಯ ಸಮೀಕರಣ. ಮೊತ್ತದ ಜೊತೆಗೆ ತೂಕದ ಮೊತ್ತವನ್ನೂ ಬರೆದಿಡೋಣ: ಮೊದಲನೆಯದರ ಒಂದರಷ್ಟು, ಎರಡನೆಯದರ ಎರಡರಷ್ಟು, ಮೂರನೆಯದರ ಮೂರರಷ್ಟು. ಅಂದರೆ 37, 90, 84 ಸೇರಿ 211. ಈಗ ಮೊದಲ ಎರಡೂ ಅಳಿಸಿಹೋದವು, ಉಳಿದದ್ದು 28. ಮೊತ್ತದಿಂದ ಅ + ಬ = 82, ತೂಕದ ಮೊತ್ತದಿಂದ ಅ + 2ಬ = 127. ಕಳೆದರೆ ಬ = 45, ಆದ್ದರಿಂದ ಅ = 37. ಇದು ಹತ್ತನೆಯ ತರಗತಿಯ 'ರೇಖಾತ್ಮಕ ಸಮೀಕರಣಗಳ ಜೋಡಿ' ಅಧ್ಯಾಯವೇ ಹೊರತು ಬೇರೇನಲ್ಲ. "ಇದನ್ನು ಕಲಿತು ಏನಾಗಬೇಕು ಸರ್?" ಎಂದು ಕೇಳುವವರಿಗೆ ಕೊಡಬಹುದಾದ ಉತ್ತರ. ನಿಜವಾದ ಯಂತ್ರದಲ್ಲಿ ಸಂಖ್ಯೆ ಬೆಳೆಯದಂಥ ಒಂದು ವಿಶೇಷ ಅಂಕಗಣಿತ ಬಳಸುತ್ತಾರೆ. ಅದಕ್ಕೆ ತಳಹದಿ ಹಾಕಿದವನು ಫ್ರಾನ್ಸಿನ ಎವಾರಿಸ್ತ್ ಗಾಲ್ವಾ. ಅವನು 1832ರಲ್ಲಿ ದ್ವಂದ್ವಯುದ್ಧವೊಂದರಲ್ಲಿ ಗುಂಡೇಟು ತಿಂದು ಸತ್ತಾಗ ವಯಸ್ಸು ಇಪ್ಪತ್ತು.

ಒಂದು ಮೊತ್ತ ಇಡುವ ವಿಧಾನ ರೇಡ್ 5. ಎರಡು ಇಡುವುದು ರೇಡ್ 6. ಪ್ಯಾರಿಟಿಯನ್ನು ಒಂದೇ ಡಿಸ್ಕಿಗೆ ಹೊರಿಸದೆ ಸರದಿಯಂತೆ ಎಲ್ಲಕ್ಕೂ ಹಂಚುತ್ತಾರೆ. ಲೆಕ್ಕವೇ ಬೇಡ, ಬರೆದದ್ದನ್ನೆಲ್ಲ ಎರಡು ಡಿಸ್ಕಿನಲ್ಲೂ ಬರೆ ಎನ್ನುವುದು ರೇಡ್ 1, ಕನ್ನಡಿಯಂತೆ. ಎರಡು ಕನ್ನಡಿ ಜೋಡಿಗಳನ್ನು ಸೇರಿಸಿದರೆ ರೇಡ್ 10. ರೇಡ್ 0 ಎಂಬುದೂ ಇದೆ. ವೇಗಕ್ಕಾಗಿ ಮಾಹಿತಿಯನ್ನು ಹರಿದು ಹಂಚುವುದಷ್ಟೇ ಅದರ ಕೆಲಸ. ಒಂದು ಹೋದರೆ ಎಲ್ಲ ಹೋಯಿತು. ಅದಕ್ಕೆ ಸೊನ್ನೆ ಎಂದು ಹೆಸರಿಟ್ಟವರು ಬುದ್ಧಿವಂತರು.

ಒಂದೇ ಕಿಂಡಿ, ಸಾವಿರ ಕಿಂಡಿ

ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು, ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡು ಕಾಯಬೇಕು. ತಟ್ಟೆಯಿಲ್ಲದ ಎಸ್‌ಎಸ್‌ಡಿಗಳು ಬಂದ ಮೇಲೆ ಈ ಕಾಯುವಿಕೆ ಮಿಲಿಸೆಕೆಂಡಿನ ಒಂದು ಚೂರಿಗೆ ಇಳಿಯಿತು. ಆದರೆ ಅವು ಕಂಪ್ಯೂಟರಿನೊಡನೆ ಮಾತಾಡುತ್ತಿದ್ದ ದಾರಿ ಮಾತ್ರ ಹಾರ್ಡ್ ಡಿಸ್ಕಿನ ಕಾಲದ್ದೇ. ಆ ದಾರಿಯಲ್ಲಿ ಒಂದೇ ಸರದಿ, ಸರದಿಯಲ್ಲಿ 32 ಬೇಡಿಕೆ. ವೇಗದ ಮಿತಿ ಸೆಕೆಂಡಿಗೆ 600 ಮೆಗಾಬೈಟು. ಹತ್ತು ಜನ ಚುರುಕಾದ ಗುಮಾಸ್ತರನ್ನು ನೇಮಿಸಿ ಕಿಂಡಿ ಮಾತ್ರ ಒಂದೇ ತೆರೆದಂತೆ.

2011ರಲ್ಲಿ ಬಂದ ಎನ್‌ವಿಎಂಇ ಎಂಬ ನಿಯಮಾವಳಿ ಕಿಂಡಿಗಳನ್ನು ಹೆಚ್ಚಿಸಿತು. ಇದರಲ್ಲಿ 65 ಸಾವಿರಕ್ಕೂ ಹೆಚ್ಚು ಸರದಿಗಳಿಗೆ ಅವಕಾಶವಿದೆ, ಪ್ರತಿ ಸರದಿಯಲ್ಲೂ 65 ಸಾವಿರದಷ್ಟು ಬೇಡಿಕೆ ನಿಲ್ಲಬಹುದು. ಪ್ರೊಸೆಸರಿನ ಪ್ರತಿಯೊಂದು ತಿರುಳಿಗೂ ತನ್ನದೇ ಕಿಂಡಿ. ಈ ಡಿಸ್ಕುಗಳು ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೆದ್ದಾರಿಗೆ ನೇರವಾಗಿ ಕೂರುತ್ತವೆ. ಸಾಮಾನ್ಯವಾಗಿ ಒಂದೊಂದಕ್ಕೆ ನಾಲ್ಕು ಲೇನ್. ಆ ಹೆದ್ದಾರಿಯ ನಾಲ್ಕನೆಯ ಪೀಳಿಗೆಯಲ್ಲಿ ನಾಲ್ಕು ಲೇನಿನ ಮಿತಿ ಸೆಕೆಂಡಿಗೆ ಸುಮಾರು 8 ಗಿಗಾಬೈಟು.

ಇದರಿಂದ ರೇಡ್ ಕಟ್ಟುವ ರೀತಿಯೂ ಬದಲಾಯಿತು. ಹಿಂದೆ ಪ್ಯಾರಿಟಿ ಲೆಕ್ಕಕ್ಕೆಂದೇ ಬೇರೆ ಕಾರ್ಡು ಹಾಕುತ್ತಿದ್ದರು. ನಾಲ್ಕು ಎನ್‌ವಿಎಂಇ ಡಿಸ್ಕುಗಳಿಗೆ ಹದಿನಾರು ಲೇನ್ ಬೇಕಿರುವಾಗ ಎಂಟು ಲೇನಿನ ಕಾರ್ಡಿನ ಮೂಲಕ ಅವನ್ನು ಹಾಯಿಸಿದರೆ ಕಾರ್ಡೇ ಇಕ್ಕಟ್ಟಾದ ಸೇತುವೆಯಾಗುತ್ತದೆ. ಇಂದಿನ ಪ್ರೊಸೆಸರುಗಳಿಗೆ ಸಮ–ಬೆಸದ ಲೆಕ್ಕ ಒಂದು ಕೆಲಸವೇ ಅಲ್ಲ. ಆದ್ದರಿಂದ ಸಣ್ಣ ಕಚೇರಿಗೋ ಕಾಲೇಜಿಗೋ ಸರ್ವರ್ ಕಟ್ಟುವವರು ಲಿನಕ್ಸಿನಲ್ಲಿ ಬರುವ 'ಎಂಡಿಎಡಿಎಂ' ಎಂಬ ಉಚಿತ ತಂತ್ರಾಂಶದಿಂದಲೇ ಕೆಲಸ ಮುಗಿಸಬಹುದು. ಕಾರ್ಡು ಕೆಟ್ಟಿತೆಂದು ಅದೇ ಮಾದರಿಯನ್ನು ಹುಡುಕಿ ಅಲೆಯುವ ಕಷ್ಟವೂ ತಪ್ಪುತ್ತದೆ. ಡಿಸ್ಕುಗಳನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಅವು ತಮ್ಮ ಗುರುತು ಹೇಳಿಕೊಂಡು ಒಟ್ಟುಗೂಡುತ್ತವೆ.

ಕಟ್ಟುವ ಕೆಲಸ

2 ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆ ಎನ್ನೋಣ. ಸ್ಕ್ಯಾನ್ ಮಾಡಿದ ಒಂದು ಹಾಳೆಗೆ ಅರ್ಧ ಮೆಗಾಬೈಟು ಹಿಡಿದರೆ ಒಂದು ಟೆರಾಬೈಟಿಗೆ 20 ಲಕ್ಷ ಹಾಳೆ. ರೇಡ್ 5ರಲ್ಲಿ 6 ಟೆರಾಬೈಟು ಜಾಗ ಸಿಗುತ್ತದೆ, ಒಂದು ಡಿಸ್ಕು ಹೋದರೆ ತಡೆದುಕೊಳ್ಳುತ್ತದೆ. ರೇಡ್ 6ರಲ್ಲಿ ಮತ್ತು ರೇಡ್ 10ರಲ್ಲಿ 4 ಟೆರಾಬೈಟು. ರೇಡ್ 6 ಯಾವ ಎರಡು ಹೋದರೂ ನಿಲ್ಲುತ್ತದೆ. ರೇಡ್ 10 ಒಂದೇ ಜೋಡಿಯ ಎರಡೂ ಹೋದರೆ ಮುಳುಗುತ್ತದೆ, ಆದರೆ ಬರೆಯುವಾಗ ಲೆಕ್ಕ ಮಾಡಬೇಕಿಲ್ಲವಾದ್ದರಿಂದ ಚುರುಕು. ಡಿಸ್ಕು ನಾಲ್ಕೇ ಇದ್ದು, ದಿನವಿಡೀ ಬರೆಯುವ ಕೆಲಸವಿದ್ದರೆ ನನ್ನ ಮತ ರೇಡ್ 10ಕ್ಕೆ. ಸ್ಕ್ಯಾನ್ ಮಾಡಿಟ್ಟು ಓದುವುದಷ್ಟೇ ಆದರೆ ರೇಡ್ 6. ಜಾಗದ ಆಸೆಗೆ ಬಿದ್ದು ರೇಡ್ 5 ಕಟ್ಟುವುದು, ಒಂದೇ ಹಗ್ಗದಲ್ಲಿ ಬಾವಿಗಿಳಿದಂತೆ.

ಡಿಸ್ಕು ಕೂರಿಸುವ ಮೊದಲು ಪ್ರತಿಯೊಂದರ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹೊರಗೆ ಕಾಣುವಂತೆ ಅಂಟಿಸಬೇಕು. ಇದು ಸಣ್ಣ ಮಾತಲ್ಲ. ಲಿನಕ್ಸ್ ಈ ಡಿಸ್ಕುಗಳಿಗೆ ಸೊನ್ನೆ, ಒಂದು, ಎರಡು ಎಂದು ಕೊಡುವ ಹೆಸರು ಯಂತ್ರ ಮತ್ತೆ ಚಾಲೂ ಆದಾಗ ಅದಲುಬದಲಾಗಬಹುದು, ಕ್ರಮಸಂಖ್ಯೆ ಬದಲಾಗದು. ಕೆಟ್ಟ ಡಿಸ್ಕೆಂದು ಭಾವಿಸಿ ಒಳ್ಳೆಯದನ್ನು ಕಿತ್ತರೆ, ರೇಡ್ 5 ಆಗಿದ್ದಲ್ಲಿ, ಅಲ್ಲಿಗೆ ಸರ್ವರ್ ನಿಂತಿತು. ಆಮೇಲೆ ಪ್ರತಿ ಡಿಸ್ಕಿನ ಆರೋಗ್ಯ ವರದಿ ನೋಡಬೇಕು: ಎಷ್ಟು ತಾಸು ಓಡಿದೆ, ಬಾಳಿಕೆಯ ಎಷ್ಟು ಶೇಕಡಾ ಸವೆದಿದೆ, ಶಾಖ ಎಷ್ಟು. ಎಲ್ಲವನ್ನೂ ಡಿಸ್ಕೇ ಹೇಳುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟರೆ ಡಿಸ್ಕು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಶಾಖ ಹೀರುವ ಲೋಹದ ಪಟ್ಟಿಯೂ ಫ್ಯಾನೂ ಬೇಕು.

ಡಿಸ್ಕಿನ ತುದಿಯವರೆಗೂ ಬಳಸದೆ ಸ್ವಲ್ಪ ಜಾಗ ಖಾಲಿ ಬಿಡುವುದು ಒಳ್ಳೆಯದು. ನಾಳೆ ಬದಲಿಗೆ ತರುವ ಬೇರೆ ಕಂಪನಿಯ 2 ಟೆರಾಬೈಟು ಇದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿದ್ದರೂ ರೇಡ್ ಅದನ್ನು ಒಪ್ಪುವುದಿಲ್ಲ. ಇನ್ನು ರೇಡ್ ಕಟ್ಟುವುದಕ್ಕೆ ಒಂದೇ ಸಾಲಿನ ಆದೇಶ ಸಾಕು: ಯಾವ ಬಗೆ, ಎಷ್ಟು ಡಿಸ್ಕು, ಯಾವ ಯಾವುವು. ಅದರ ಮೇಲೆ ಕಡತವ್ಯವಸ್ಥೆ ಹಾಕಿ, ವಿವರವನ್ನು ಸಂರಚನಾ ಕಡತಕ್ಕೆ ಬರೆದು, ಡಿಸ್ಕು ಕೆಟ್ಟರೆ ಮಿಂಚಂಚೆ ಬರುವಂತೆ ಮಾಡಿದರೆ ಮುಗಿಯಿತು. ಕೊನೆಯದನ್ನು ಬಹಳ ಕಡೆ ಬಿಟ್ಟಿರುತ್ತಾರೆ. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರುವುದೇ ರೇಡಿನ ಗುಣ. ಕೆಲಸ ನಿಲ್ಲದ್ದರಿಂದ ಯಾರಿಗೂ ತಿಳಿಯದಿರುವುದೇ ಅದರ ಅಪಾಯ. ಎರಡನೆಯದು ಹೋದ ದಿನ ಎಲ್ಲರಿಗೂ ತಿಳಿಯುತ್ತದೆ.

ವಿದ್ಯುತ್ತಿನ ಮಾತನ್ನೂ ಹೇಳಬೇಕು. ಖಾತೆಯಲ್ಲಿ ಹೊಸ ಬಾಬ್ತು ಬರೆದು, ಕೆಳಗಿನ ಮೊತ್ತ ತಿದ್ದುವ ಮೊದಲೇ ದೀಪ ಹೋದರೆ? ಮೊತ್ತಕ್ಕೂ ಬಾಬ್ತಿಗೂ ತಾಳೆಯಿಲ್ಲ. ಪ್ಯಾರಿಟಿ ರೇಡಿಗೂ ಇದೇ ಕಾಟ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಲ್ಲಿ ಯುಪಿಎಸ್ ಇಲ್ಲದೆ ಸರ್ವರ್ ನಡೆಸಬಾರದು. ಸರ್ವರಿಗೆಂದೇ ತಯಾರಾದ ಡಿಸ್ಕುಗಳಲ್ಲಿ ಪುಟ್ಟ ಕೆಪಾಸಿಟರುಗಳಿದ್ದು, ಕರೆಂಟು ಹೋದ ಕ್ಷಣದಲ್ಲಿ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಕೊಡುತ್ತವೆ. ಬೆಲೆ ಹೆಚ್ಚು, ಆದರೆ ಅದು ಸುಮ್ಮನೆ ಹೆಚ್ಚಿದ್ದಲ್ಲ.

ಡಿಸ್ಕು ಬದಲಿಸಿದ ಮೇಲೆ ಮತ್ತೆ ತುಂಬಿಸುವ ಹೊತ್ತು ಆತಂಕದ್ದು. 8 ಟೆರಾಬೈಟಿನ ಹಾರ್ಡ್ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ತುಂಬಿಸಲು ಸುಮಾರು 15 ತಾಸು. 2 ಟೆರಾಬೈಟಿನ ಎನ್‌ವಿಎಂಇಯನ್ನು ಸೆಕೆಂಡಿಗೆ 1 ಗಿಗಾಬೈಟಿನಂತೆ ತುಂಬಿಸಿದರೆ ಅರ್ಧ ತಾಸಿನ ಮೇಲೆ ಮೂರ್ನಾಲ್ಕು ನಿಮಿಷ. ಎನ್‌ವಿಎಂಇಯ ವೇಗಕ್ಕೆ ನಾನು ಬೆಲೆ ಕೊಡುವುದು ಮುಖ್ಯವಾಗಿ ಈ ಕಾರಣಕ್ಕೆ. ಕಡತ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆಂಬ ಜಂಬಕ್ಕಲ್ಲ.

ರೇಡ್ ಕಾಯಲಾರದ್ದು

ಇಷ್ಟೆಲ್ಲ ಲೆಕ್ಕದ ಅಡಿಯಲ್ಲಿ ಒಂದು ಊಹೆ ಕೂತಿದೆ: ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಬೇರೆ ಬೇರೆ ಹೊತ್ತಿಗೆ ಕೆಡುತ್ತವೆ ಎಂಬುದು. ಸಂಭವನೀಯತೆಯ ಪಾಠದಲ್ಲಿ ಎರಡು ನಾಣ್ಯ ಚಿಮ್ಮಿದಾಗ ಒಂದರ ಫಲ ಇನ್ನೊಂದಕ್ಕೆ ತಗುಲದು ಎನ್ನುತ್ತೇವಲ್ಲ, ಹಾಗೆ. ಡಿಸ್ಕುಗಳು ನಾಣ್ಯಗಳಲ್ಲ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತು. ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು, ಒಳಗಿನ ತಂತ್ರಾಂಶವನ್ನು ಸರಿಪಡಿಸಿಕೊಳ್ಳದಿದ್ದರೆ, 32,768 ತಾಸು ಓಡಿದಾಗ ನಿಂತುಬಿಡುತ್ತವೆ, ಅದರಲ್ಲಿದ್ದ ಮಾಹಿತಿ ಮತ್ತೆ ಸಿಗದು ಎಂದು. 32,768 ಎಂದರೆ 2ರ ಘಾತ 15. ತಾಸಿನ ಲೆಕ್ಕದಲ್ಲಿ 3 ವರ್ಷ 270 ದಿನ 8 ತಾಸು. ಅವು ಎನ್‌ವಿಎಂಇ ಅಲ್ಲ, ಅದಕ್ಕಿಂತ ಹಳೆಯ ದಾರಿಯವು. ಆದರೆ ಪಾಠ ಒಂದೇ. ಒಂದೇ ದಿನ ಚಾಲೂ ಮಾಡಿದ ನಾಲ್ಕು ಡಿಸ್ಕು ಒಂದೇ ದಿನ ಕಣ್ಣುಮುಚ್ಚಿದರೆ ಗಾಲ್ವಾ ಬಂದರೂ ಬಿಡಿಸಲಾರ. ಸವೆತದ ಕತೆಯೂ ಅದೇ: ಕನ್ನಡಿ ಜೋಡಿಯ ಎರಡಕ್ಕೂ ಬೀಳುವ ಬರಹ ಒಂದೇ ಆದ್ದರಿಂದ ಎರಡೂ ಸಮವಾಗಿ ಸವೆಯುತ್ತವೆ. ಬೇರೆ ಬೇರೆ ಕಂಪನಿಯ, ಬೇರೆ ತಿಂಗಳಲ್ಲಿ ತಯಾರಾದ ಡಿಸ್ಕು ಬೆರೆಸುವುದು ಒಳ್ಳೆಯದೆನ್ನುವುದು ಇದಕ್ಕೇ.

ಮನುಷ್ಯನ ಕೈಯಂತೂ ಇದ್ದೇ ಇದೆ. ಯಾರೋ ಒಂದು ಕಡತ ಅಳಿಸಿದರೆ ಕನ್ನಡಿಯೂ ಅದೇ ಕ್ಷಣ ನಿಷ್ಠೆಯಿಂದ ಅಳಿಸುತ್ತದೆ. ಅಡ್ಡಮಳೆಯ ಸಿಡಿಲು ಒಂದೇ ಪೆಟ್ಟಿಗೆಯ ನಾಲ್ಕು ಡಿಸ್ಕಿಗೂ ಒಟ್ಟಿಗೇ ಬಡಿಯುತ್ತದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ 'ಜಿ ಡ್ರೈವ್' ಎಂಬ ಭಂಡಾರ ಸುಟ್ಟು 858 ಟೆರಾಬೈಟು ಮಾಹಿತಿ ಹೋಯಿತು. ಅದರ ಪ್ರತಿ ಹೊರಗೆಲ್ಲೂ ಇರಲಿಲ್ಲ. ತಂತ್ರಜ್ಞಾನದಲ್ಲಿ ನಮಗಿಂತ ಬಹಳ ಮುಂದಿರುವ ದೇಶದ ಮಾತಿದು.

ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಎಂಬುದು ನಮ್ಮ ಸೀಮೆಗೆ ಹೊಸತೇನಲ್ಲ. ಹಿರೇಕೆರೂರು ಕಡೆಯ ಅಬಲೂರಿನ ಶಾಸನಗಳು ಕಲ್ಲಿನಲ್ಲಿವೆ. ಕಲ್ಲಿಗಿಂತ ಗಟ್ಟಿ ಏನಿದೆ? ಆದರೂ ಕಲ್ಲು ಒಡೆಯಬಹುದು, ಅಕ್ಷರ ಸವೆಯಬಹುದು. ಮುಂಬಯಿ ಸರ್ಕಾರದ ಅಧಿಕಾರಿ ಜೆ. ಎಫ್. ಫ್ಲೀಟ್ ಅವುಗಳ ಪಾಠವನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ದೇಶವಿದೇಶದ ಗ್ರಂಥಾಲಯಗಳಲ್ಲಿ ಕೂತಿತು. ಇಂದಿನ ಗಣಕದವರು ಇದನ್ನೇ ಮೂರು–ಎರಡು–ಒಂದು ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ರೇಡ್ ಎಷ್ಟೇ ದೊಡ್ಡದಿರಲಿ, ಈ ಎಣಿಕೆಯಲ್ಲಿ ಅದು ಒಂದೇ ಪ್ರತಿ. ಪಾಲಕರು ಮನೆಯ ಉತಾರ, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೋಗಳನ್ನೆಲ್ಲ ಒಂದೇ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ ಈ ಭಾನುವಾರವೇ ಒಂದು ಪೆನ್ ಡ್ರೈವಿಗೆ ತುಂಬಿ ಬೇರೆ ಊರಿನ ಬೀಗರ ಮನೆಯ ಕಪಾಟಿನಲ್ಲಿಡಬಹುದು. ವರ್ಷಕ್ಕೊಮ್ಮೆ ಅದು ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಾನು ಪ್ರತಿಯೆಂದು ಎಣಿಸುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಒಂದು ರೂಪಾಯಿಯ ಡಿಸ್ಕನ್ನೂ ಕೊಳ್ಳಬೇಕಿಲ್ಲ. ಶಾಲೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ 200 ಮೆಗಾಬೈಟಿನ ಐದು ಖಾಲಿ ಕಡತ ಮಾಡಿ. 'ಲೂಪ್' ಎಂಬ ಸೌಲಭ್ಯದಿಂದ ಆ ಕಡತಗಳನ್ನೇ ಡಿಸ್ಕುಗಳೆಂದು ಯಂತ್ರಕ್ಕೆ ನಂಬಿಸಬಹುದು. ನಾಲ್ಕರಿಂದ ರೇಡ್ 5 ಕಟ್ಟಿ, ಅದರೊಳಗೆ ಒಂದು ಫೋಟೋ ಇಡಿ. ಈಗ ರೇಡಿನ ಸ್ಥಿತಿ ತೋರಿಸುವ ಕಡತದಲ್ಲಿ 'ಯು' ಎಂಬ ಇಂಗ್ಲಿಷ್ ಅಕ್ಷರ ನಾಲ್ಕು ಸಲ ಕಾಣುತ್ತದೆ, ಡಿಸ್ಕಿಗೊಂದರಂತೆ. ಒಂದನ್ನು ಕೆಟ್ಟಿದೆಯೆಂದು ಘೋಷಿಸಿ. ಒಂದು 'ಯು' ಅಳಿದು ಅಡಿಗೆರೆಯಾಗುತ್ತದೆ. ಫೋಟೋ ಮಾತ್ರ ಎಂದಿನಂತೆ ತೆರೆಯುತ್ತದೆ. ಕೆಟ್ಟದ್ದನ್ನು ತೆಗೆದು ಐದನೆಯದನ್ನು ಸೇರಿಸಿದರೆ ಶೇಕಡಾ ಲೆಕ್ಕ ಏರುತ್ತ ಹೋಗಿ ನಾಲ್ಕನೆಯ 'ಯು' ಮತ್ತೆ ಮೂಡುತ್ತದೆ. ಇದಾದ ಮೇಲೆ ಎರಡನ್ನು ಒಟ್ಟಿಗೆ ಕೆಡಿಸಿ, ಏನಾಗುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನೇ ರೇಡ್ 6ರಲ್ಲಿ ಮಾಡಿ.